ಹನ್ನೆರಡು ವಾರ ನನ್ನ ಜೊತೆ ಕಾದವರಿಗೆ

ಈ ಮಾರ್ಚ್ 1ಕ್ಕೆ ನನಗೆ ಕರೆಂಟು ಕೊಟ್ಟು ಮುಗಿಸಿ ಎರಡು ವರ್ಷ ಆಯಿತು. ಕ್ಯಾನ್ಸರಿಗೆ ಕೊಡೋ ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಕರೆಂಟು ಅಂತಾನೇ ಅನ್ನೋದು. ಅದಾದ ವಾರಕ್ಕೆ ಬೆಂಗಳೂರಿಗೆ ತೋರಿಸಲು ಹೋಗಿದ್ದೆ. ಡಾಕ್ಟರು ಗ್ಲೌಸ್ ಹಾಕಿಕೊಂಡು ನಾಲಿಗೆಯ ಬುಡವನ್ನು ಬೆರಳಿನಿಂದ ಒತ್ತಿ ನೋಡಿದರು. ಕುತ್ತಿಗೆಯ ಎರಡೂ ಕಡೆ ತಡವಿದರು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಿದರು. ಆಮೇಲೆ ಕೈ ತೊಳೆದುಕೊಳ್ಳುತ್ತಾ, "ಇನ್ನು ಆರು ತಿಂಗಳು ಬಿಟ್ಟು ಬನ್ನಿ" ಅಂದರು. ಅಷ್ಟೇ. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಾನೂ ನನ್ನ ಹೆಂಡತಿಯೂ ಸುಮಾರು ಹೊತ್ತು ಏನೂ ಮಾತಾಡಲಿಲ್ಲ.

ಈ ಕಾಯಿಲೆ ವಾಪಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೇ ಬರುತ್ತದೆ ಅಂತ ಶುರುವಿನಲ್ಲೇ ಹೇಳಿದ್ದರು. ಅದು ದಾಟುವವರೆಗೆ ಏನೂ ಬರೆಯಬಾರದು ಅಂತ ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ. ಚಿಕಿತ್ಸೆ ನಡೆಯುವಾಗ ಸಹಾಯ ಮಾಡಿದವರು ತುಂಬಾ ಜನ. ಅವರನ್ನು ಮರೆತಿಲ್ಲ. ಆದರೆ ಚಿಕಿತ್ಸೆ ಮುಗಿದು, ಅದು ಫಲಿಸಿತೋ ಇಲ್ಲವೋ ಗೊತ್ತಾಗದೆ ಕಳೆದ ಆ ಹನ್ನೆರಡು ವಾರ ಇದೆಯಲ್ಲ, ಆಗ ನನ್ನ ಜೊತೆ ನಿಂತವರನ್ನು ಮೊದಲು ನೆನೆಯಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಾನು ಆಲ್ದೂರಿನ ಕಡೆ ಒಂದು ಕಾಫಿ ತೋಟದಲ್ಲಿ ರೈಟರು, ಅಂದರೆ ಆಳುಗಳ ಹಾಜರಿ ಬರೆಯುವವನು. 2022ರ ದೀಪಾವಳಿ ಹೊತ್ತಿಗೆ ಗಡ್ಡ ಕೆರೆಯುವಾಗ ಕಿವಿಯ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಕೊಯ್ಲು ಶುರುವಾಗುವ ಸಮಯ, ಮುಗಿಯಲಿ ಅಂತ ಬಿಟ್ಟೆ. ಹೆಂಡತಿ ಬಿಡಲಿಲ್ಲ. ಪರೀಕ್ಷೆ ಮಾಡಿಸಿದಾಗ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್, ಕುತ್ತಿಗೆಯ ಗಂಟಿಗೂ ಬಂದಿದೆ ಅಂತ ಗೊತ್ತಾಯಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವನು ನಾನು. ಅಡಿಕೆ ನಮ್ಮ ಸೀಮೆಯ ಬದುಕು, ನಿಜ. ಆದರೂ ಒಂದು ಮಾತು ಹೇಳಲೇಬೇಕು. ಹೊಗೆಸೊಪ್ಪು ಇಲ್ಲದೆ ಬರೀ ಎಲೆ ಅಡಿಕೆ ಜಗಿದರೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

2023ರ ಜನವರಿ 11ಕ್ಕೆ ಶುರುವಾಯಿತು. ಶನಿವಾರ ಭಾನುವಾರ ಬಿಟ್ಟು ದಿನಾ ಒಂದರಂತೆ 35 ಸಲ, ಒಟ್ಟು 70 ಗ್ರೇ (ಕರೆಂಟಿನ ಅಳತೆ). ವಾರಕ್ಕೊಂದು ಸಿಸ್‌ಪ್ಲಾಟಿನ್ ಅನ್ನೋ ಕ್ಯಾನ್ಸರ್ ಮದ್ದಿನ ಡ್ರಿಪ್. ಮುಖಕ್ಕೆ ಬಲೆಯಂಥ ಮಾಸ್ಕು ಹಾಕಿ ಮೇಜಿಗೆ ಬಿಗಿಯುತ್ತಿದ್ದರು, ತಲೆ ಅಲ್ಲಾಡಬಾರದು ಅಂತ. ನಾಲ್ಕನೇ ವಾರಕ್ಕೆ ಬಾಯೆಲ್ಲ ಹುಣ್ಣು. ಐದನೇ ವಾರಕ್ಕೆ ಊಟಕ್ಕೆ ಮೂಗಿನಲ್ಲಿ ನಳಿಕೆ. ಅದರ ಬಗ್ಗೆ ಜಾಸ್ತಿ ಬರೆಯೋಲ್ಲ. ಅನುಭವಿಸಿದವರಿಗೆ ಗೊತ್ತಿದೆ.

ಮನೆಗೆ ಬಂದೆ. ಮಾರ್ಚ್ 22ಕ್ಕೆ ಯುಗಾದಿ. ನಳಿಕೆ ತೆಗೆದು ಎರಡೇ ದಿನ ಆಗಿತ್ತು. ಮಗಳು ಬೇವು ಬೆಲ್ಲವನ್ನು ನುಣ್ಣಗೆ ಅರೆದು ಚಮಚದ ತುದಿಯಲ್ಲಿ ನಾಲಿಗೆಗೆ ಇಟ್ಟಳು. ನಾನು ಕಾದೆ. ಕಹಿಯೂ ಇಲ್ಲ, ಸಿಹಿಯೂ ಇಲ್ಲ. ಒದ್ದೆ ಮಣ್ಣು ಇಟ್ಟ ಹಾಗೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಚೆನ್ನಾಗಿದೆ" ಅಂತ ಕೈಸನ್ನೆ ಮಾಡಿದೆ.

ಆಮೇಲೆ ಶುರುವಾಗಿದ್ದು ಕಾಯುವ ಕೆಲಸ. ಕ್ಯಾನ್ಸರ್ ಉಳಿದಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್ ಮಾಡೋದು ಹನ್ನೆರಡು ವಾರ ಆದ ಮೇಲೆ, ಅಂದರೆ ಮೇ 24ಕ್ಕೆ ಅಂತ ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದರು. ನಮಗೆ ತಡೆಯಲಿಲ್ಲ. ಕುತ್ತಿಗೆಯ ಗಂಟು ಇನ್ನೂ ಕೈಗೆ ಸಿಗುತ್ತಿತ್ತು. ಮೂರು ತಿಂಗಳು ಸುಮ್ನೆ ಕೂತರೆ ಒಳಗೆ ಬೆಳೆದರೆ ಏನು ಗತಿ ಅಂತ ನೆಂಟರೊಬ್ಬರು ಹೆದರಿಸಿದರು. ಪರಿಚಯದವರ ಹತ್ತಿರ ಚೀಟಿ ಬರೆಸಿಕೊಂಡು, ಏಪ್ರಿಲ್ ಮೊದಲ ವಾರದಲ್ಲೇ ಬೇರೆ ಕಡೆ ಸ್ಕ್ಯಾನ್ ಮಾಡಿಸಿಬಿಟ್ಟೆವು. ಐದು ವಾರ ಆಗಿತ್ತು ಅಷ್ಟೇ. ರಿಪೋರ್ಟಿನಲ್ಲಿ ಗಂಟಲೂ ಕುತ್ತಿಗೆಯೂ ಹೊಳೆಯುತ್ತಿದೆ, ರೋಗ ಉಳಿದಿರಬಹುದು ಅಂತ ಬರೆದಿತ್ತು. ಅದನ್ನು ಕೈಗೆ ಕೊಟ್ಟವರು ಒಂದು ಮಾತೂ ವಿವರಿಸಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ದೀಪ ಆರಿಸಲಿಲ್ಲ.

ಮಾರನೇ ದಿನ ನನ್ನ ಡಾಕ್ಟರಿಗೆ ಆ ರಿಪೋರ್ಟು ತೋರಿಸಿದೆವು. ಅವರು ಬೈಯಲಿಲ್ಲ. ಅವರಿಗೆ ನನ್ನ ಮೊದಲ ನಮಸ್ಕಾರ ಅದಕ್ಕೇ. ಕುರ್ಚಿ ಹತ್ತಿರ ಎಳೆದುಕೊಂಡು, "ನಿಮ್ಮ ಮನೇಲಿ ಬಚ್ಚಲೊಲೆ ಇದೆಯಾ?" ಅಂತ ಕೇಳಿದರು. ಇದೆ ಅಂದೆ. "ಬೆಂಕಿ ಆರಿಸಿದ ತಕ್ಷಣ ಬೂದಿಗೆ ಕೈ ಇಟ್ಟರೆ ಸುಡುತ್ತೆ ಅಲ್ವಾ? ಒಳಗೆ ಕೆಂಡ ಇದೆಯೋ ಬರೀ ಬಿಸಿ ಬೂದಿಯೋ ಆಗ ಹೇಗೆ ಹೇಳ್ತೀರಿ?" ಅಂದರು. ಪೆಟ್ ಸ್ಕ್ಯಾನಿನಲ್ಲಿ ಹಾಕೋದು ವಿಕಿರಣ ಸೂಸುವ ಒಂದು ಥರದ ಸಕ್ಕರೆ. ಕ್ಯಾನ್ಸರ್ ಜೀವಕೋಶ ಅದನ್ನು ಜಾಸ್ತಿ ಎಳೆದುಕೊಂಡು ಹೊಳೆಯುತ್ತದೆ. ಆದರೆ ಕರೆಂಟಿನಿಂದ ಬೆಂದು ಊದಿಕೊಂಡ ಜಾಗವೂ ಎಳೆದುಕೊಳ್ಳುತ್ತದೆ. ಸತ್ತ ಗಂಟು ಕರಗಲೂ ಸಮಯ ಬೇಕು. ಅದಕ್ಕೇ ಹನ್ನೆರಡು ವಾರ.

"ಹಾಗಾದರೆ ಈಗಲೇ ಕುತ್ತಿಗೆ ಆಪರೇಷನ್ ಮಾಡಿ ತೆಗೆದುಬಿಡಿ" ಅಂದಳು ನನ್ನ ಹೆಂಡತಿ. ಆಗ ಅವರು ಒಪಿಡಿ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಬ್ರಿಟನ್ನಿನಲ್ಲಿ ನನ್ನಂಥ 564 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕುತ್ತಿಗೆ ಆಪರೇಷನ್ ಮಾಡೋದು ಅಂತ ಮೊದಲೇ ತೀರ್ಮಾನ. ಇನ್ನೊಂದು ಗುಂಪಿಗೆ ಹನ್ನೆರಡು ವಾರ ಕಾದು ಪೆಟ್ ಸ್ಕ್ಯಾನ್, ಅದರಲ್ಲಿ ಅನುಮಾನ ಬಂದರೆ ಮಾತ್ರ ಆಪರೇಷನ್. ಕಾದ ಗುಂಪಿನ 282 ಜನರಲ್ಲಿ ಕತ್ತರಿ ಬಿದ್ದದ್ದು 54 ಜನಕ್ಕೆ. ಎರಡು ವರ್ಷ ಆದಾಗ ಬದುಕಿದ್ದವರ ಲೆಕ್ಕ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಕಾದವರದ್ದು ಏನೂ ಕಮ್ಮಿ ಇರಲಿಲ್ಲ. 2016ರಲ್ಲಿ ಇದು ಪ್ರಕಟವಾಯಿತಂತೆ. ಆ ಚೀಟಿ ಇವತ್ತಿಗೂ ನನ್ನ ಹಾಜರಿ ಪುಸ್ತಕದಲ್ಲಿದೆ. ನಾನು ಇಂಗ್ಲಿಷ್ ಓದಿ ತಿಳಿದುಕೊಳ್ಳುವವನಲ್ಲ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಒಬ್ಬ ಡಾಕ್ಟರು ಕೂತು, ಕನ್ನಡದಲ್ಲಿ, ಅಂಕಿ ಹಾಕಿ ಹೇಳಿದರಲ್ಲ, ಅದಕ್ಕೆ ನಾನು ಎಷ್ಟು ಕೈಮುಗಿದರೂ ಕಮ್ಮಿ.

ಊರಿಗೆ ವಾಪಸ್ ಬಂದು ತೋಟಕ್ಕೆ ಹೋಗಲು ಶುರು ಮಾಡಿದೆ. ಮನೆಯಲ್ಲಿ ಕೂತರೆ ಕೈ ಕುತ್ತಿಗೆಗೇ ಹೋಗುತ್ತಿತ್ತು. ಆದರೆ ಹಾಜರಿ ಕೂಗಲು ದನಿ ಇರಲಿಲ್ಲ. ನಮ್ಮ ಮೇಸ್ತ್ರಿ ಏನೂ ಕೇಳದೆ ಮೊದಲ ದಿನವೇ ಬಂದು ಪಕ್ಕದಲ್ಲಿ ನಿಂತರು. ಅವರು ಹೆಸರು ಕೂಗೋದು, ನಾನು ಗುರುತು ಹಾಕೋದು. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯೋ ಕೆಲಸ) ಮುಗಿಯುವವರೆಗೂ ಹೀಗೇ ನಡೆಯಿತು. ಒಂದು ದಿನವೂ ಅವರು ಅದನ್ನು ಮಾತಿಗೆ ತರಲಿಲ್ಲ. ಕೆಲಸದ ಹೆಂಗಸರು ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಒಂದು ಎಳನೀರು ಇಟ್ಟು ಹೋಗುತ್ತಿದ್ದರು. ಯಾರು ಇಟ್ಟಿದ್ದು ಅಂತ ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ತೋಟದ ಸಾಹುಕಾರರು ಒಂದು ತಿಂಗಳ ಸಂಬಳವನ್ನೂ ಹಿಡಿಯಲಿಲ್ಲ. ಮೇ 10ಕ್ಕೆ ಓಟು. ಊರಲ್ಲಿ ಎಲ್ಲಿ ನೋಡಿದರೂ ಎಲೆಕ್ಷನ್ ಮಾತು. ಆದರೆ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದದ್ದು ಒಂದೇ: "ಎಷ್ಟನೇ ವಾರ?" ಹಾಗೆ ಕೇಳಿದ ಒಬ್ಬೊಬ್ಬರ ಮುಖವೂ ನನಗೆ ನೆನಪಿದೆ.

ಅರಸೀಕೆರೆಯ ಅಣ್ಣನ ಬಗ್ಗೆ ಹೇಳದಿದ್ದರೆ ಇದು ಪೂರ್ತಿ ಆಗೋದಿಲ್ಲ. ಬೆಂಗಳೂರಿನಲ್ಲಿ ಉಳಿದುಕೊಂಡಿದ್ದ ಜಾಗದಲ್ಲಿ ನನ್ನ ಪಕ್ಕದ ಮಂಚ ಅವರದ್ದು. ಅವರ ಚಿಕಿತ್ಸೆ ನನಗಿಂತ ಒಂದು ತಿಂಗಳು ಮೊದಲೇ ಮುಗಿದಿತ್ತು. ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಿದ್ದರು. ನನಗೆ ಮಾತು ಬರುತ್ತಿರಲಿಲ್ಲ, ಅವರೇ ಮಾತಾಡುತ್ತಿದ್ದರು. ಅಡುಗೆ ಸೋಡಾ, ಉಪ್ಪು ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿದ್ಯಾ? ಐಸ್‌ಕ್ರೀಮ್ ಕಡ್ಡಿ ಎಷ್ಟಾಯ್ತು? (ಬಾಯಿ ಬಿಗಿದುಕೊಳ್ಳಬಾರದು ಅಂತ ಹಲ್ಲುಗಳ ಮಧ್ಯೆ ಕಡ್ಡಿ ಜೋಡಿಸಿ ವ್ಯಾಯಾಮ ಮಾಡಬೇಕು.) ಅವರ ಸ್ಕ್ಯಾನಿನಲ್ಲಿ ಕುತ್ತಿಗೆಯಲ್ಲಿ ರೋಗ ಉಳಿದಿತ್ತು. ಆಪರೇಷನ್ ಆಯಿತು. ಆಸ್ಪತ್ರೆಯ ಹಾಸಿಗೆಯಿಂದಲೂ ಎಂಟು ಗಂಟೆಯ ಫೋನ್ ತಪ್ಪಿಸಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಅಣ್ಣ, ಈ ಕಾಗದ ನಿಮಗೂ ಸೇರಿಯೇ ಬರೆದದ್ದು.

ಸ್ಕ್ಯಾನಿನ ದಿನ ಬಂತು. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯವರು ಫಾರಂ ತುಂಬಿ ಸಹಿ ಹಾಕಿಕೊಟ್ಟಿದ್ದರು. ಹಿಂದಿನ ದಿನವೇ ಕಡೂರಿನಿಂದ ಹೋದೆವು. ಭಾರ ಎತ್ತಬೇಡಿ, ಜಾಸ್ತಿ ನಡೆಯಬೇಡಿ ಅಂದಿದ್ದರು. ಆರು ಗಂಟೆ ಏನೂ ತಿನ್ನೋ ಹಾಗಿಲ್ಲ, ಬರೀ ನೀರು. ಬೆರಳು ಚುಚ್ಚಿ ಶುಗರ್ ನೋಡಿ, ಸೂಜಿಮದ್ದು ಕೊಟ್ಟು, ಒಂದು ಸಣ್ಣ ರೂಮಿನಲ್ಲಿ ಮಲಗಿಸಿದರು. ಒಂದು ಗಂಟೆ ಮಾತಾಡಬಾರದು, ಜಗಿಯಬಾರದು. ಮಾತಾಡಿದರೆ ಗಂಟಲಿನ ಸ್ನಾಯು ಆ ಸಕ್ಕರೆಯನ್ನು ಎಳೆದುಕೊಂಡು, ರೋಗ ಇಲ್ಲದ ಕಡೆಯೂ ಹೊಳೆಯಬಹುದಂತೆ. ಚಳಿಗೆ ನಡುಗುತ್ತಿದ್ದೆ. ಅಲ್ಲಿದ್ದ ಸಿಸ್ಟರ್ ಒಬ್ಬರು ಇನ್ನೊಂದು ಕಂಬಳಿ ತಂದು ಹೊದಿಸಿ, ಪಾದದ ಕೆಳಗೆ ಅಂಚು ಮಡಚಿ ಸಿಕ್ಕಿಸಿದರು. ಅಮ್ಮ ಹಾಗೆ ಮಾಡುತ್ತಿದ್ದರು. ನನಗೆ ಥ್ಯಾಂಕ್ಸ್ ಹೇಳೋ ಹಾಗಿರಲಿಲ್ಲ, ಮಾತಾಡಬಾರದಲ್ಲ. ಸಿಸ್ಟರ್, ಈಗ ಹೇಳುತ್ತಿದ್ದೇನೆ.

ಸಂಜೆಯವರೆಗೆ ಮಕ್ಕಳನ್ನು, ಬಸುರಿಯರನ್ನು ಹತ್ತಿರ ಸೇರಿಸಬೇಡಿ, ನೀರು ಜಾಸ್ತಿ ಕುಡಿಯಿರಿ ಅಂತ ಕಳಿಸಿದರು. ಆ ಮದ್ದಿನ ಶಕ್ತಿ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ರಾತ್ರಿ ಹೊತ್ತಿಗೆ ಭಯ ಇಲ್ಲ.

ಮೂರನೇ ದಿನ ರಿಪೋರ್ಟು. ಲಕೋಟೆಯನ್ನು ನಾವು ಬಿಚ್ಚಲಿಲ್ಲ. ಡಾಕ್ಟರೇ ಬಿಚ್ಚಿದರು. ಎರಡು ಚಿತ್ರ ಪಕ್ಕಪಕ್ಕ ಇಟ್ಟರು. ಚಿಕಿತ್ಸೆಗೆ ಮೊದಲಿನದರಲ್ಲಿ ನಾಲಿಗೆಯ ಬುಡದಲ್ಲೊಂದು, ಕುತ್ತಿಗೆಯಲ್ಲೊಂದು ಕೆಂಡ. ಹೊಸದರಲ್ಲಿ ಅಲ್ಲಿ ಏನೂ ಇಲ್ಲ. "ಆರಿದೆ" ಅಂದರು. ನನ್ನ ಹೆಂಡತಿ ಮೇಜಿನ ಅಂಚು ಹಿಡಿದುಕೊಂಡು ಅತ್ತಳು.

ಅವಳಿಗೆ ಥ್ಯಾಂಕ್ಸ್ ಅಂತ ಬರೆದರೆ ಅದು ಮಾತೇ ಅಲ್ಲ. ವಾರಗಟ್ಟಲೆ ನಳಿಕೆ, ಗಂಜಿ, ರಾಗಿ ಅಂಬಲಿ ಸೋಸೋದು, ರಾತ್ರಿ ಎದ್ದು ಲೋಳೆ ಒರೆಸೋದು. ಹನ್ನೆರಡು ವಾರದಲ್ಲಿ ಒಮ್ಮೆಯೂ "ಏನಾಗುತ್ತೋ" ಅಂತ ನನ್ನೆದುರು ಅನ್ನಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದಳು ಅಂತ ಮಗಳು ಹೇಳಿದ್ದು ಮೊನ್ನೆ.

ಅದಾದ ಮೇಲೆ ಪ್ರತಿ ಸಲ ಹೋದಾಗಲೂ "ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ?" ಅಂತ ಊರಲ್ಲಿ ಕೇಳುತ್ತಾರೆ. ಹನ್ನೆರಡು ವಾರದ ಸ್ಕ್ಯಾನ್ ಚೊಕ್ಕಟವಾಗಿದ್ದು, ಹೊಸ ತೊಂದರೆ ಏನೂ ಇಲ್ಲದಿದ್ದರೆ, ಪ್ರತಿ ಸಲ ಬೇಕಾಗಿಲ್ಲ ಅಂತ ನನಗೆ ಹೇಳಿದ್ದಾರೆ. ಕಣ್ಣು, ಬೆರಳು, ಕ್ಯಾಮೆರಾ ಇವೇ ಮುಖ್ಯ. ಹೊಸ ಗಂಟು, ವಾಸಿಯಾಗದ ಹುಣ್ಣು, ದನಿ ಬದಲಾವಣೆ, ನುಂಗಲು ಕಷ್ಟ ಇದ್ದರೆ ಮಾತ್ರ ತಾರೀಖಿಗೆ ಕಾಯದೆ ಓಡಿ ಬರಬೇಕು. ಕುತ್ತಿಗೆಗೆ ಕರೆಂಟು ಕೊಟ್ಟಿರುವುದರಿಂದ ಥೈರಾಯ್ಡ್ ಪರೀಕ್ಷೆ ಬಿಡಬಾರದು. ನನಗೆ ಈಗ ಮಾತ್ರೆ ಶುರುವಾಗಿದೆ. ಹಲ್ಲು ಕೀಳಿಸುವ ಮೊದಲು ಅವರನ್ನು ಕೇಳಲೇಬೇಕು, ಕರೆಂಟು ಬಿದ್ದ ದವಡೆಯ ಮೂಳೆಗೆ ಪೆಟ್ಟಾಗಬಹುದು. ಬಾಯಿ ಇನ್ನೂ ಒಣಗುತ್ತದೆ, ನೀರಿನ ಬಾಟಲಿ ಜೊತೆಗೇ ಇರುತ್ತದೆ. ಈ ಯುಗಾದಿಗೆ ಬೇವಿನ ಕಹಿ ಚೆನ್ನಾಗಿ ಗೊತ್ತಾಯಿತು. ಬೆಲ್ಲ ಇನ್ನೂ ಸಪ್ಪೆ.

ಅರಸೀಕೆರೆಯ ಅಣ್ಣನ ಹಾಗೆ ಈಗ ನಾನೂ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಮೂಡಿಗೆರೆ ಕಡೆಯವರೊಬ್ಬರಿಗೆ ಫೆಬ್ರವರಿಯಲ್ಲಿ ಕರೆಂಟು ಮುಗಿದಿದೆ. ಅವರ ಗಂಟೂ ಇನ್ನೂ ಕೈಗೆ ಸಿಗುತ್ತದಂತೆ. ಬಚ್ಚಲೊಲೆಯ ಮಾತು ಹೇಳಿದ್ದೇನೆ. ಸ್ಕ್ಯಾನಿಗೆ ಜೊತೆಗೆ ನಾನೇ ಹೋಗುತ್ತೇನೆ, ಕಡೂರಿನಿಂದ ಟಿಕೆಟ್ ಆಗಿದೆ. ನಿನ್ನೆಗೆ ಅವರಿಗೆ ಏಳನೇ ವಾರ.