ರೋ ಒಫಿಯೂಕಿ ಚಿತ್ರ: ಸಂಸ್ಕರಣೆಗೆ ಕೂರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಸುಮಾರು 390 ಜ್ಯೋತಿರ್ವರ್ಷ ದೂರದ ರೋ ಒಫಿಯೂಕಿ ಅಣುಮೋಡದ ವೆಬ್ ಬಾಹ್ಯಾಕಾಶ ದೂರದರ್ಶಕ ದತ್ತಾಂಶ ಮಾಸ್ಟ್ (MAST) ಎಂಬ ಆನ್‌ಲೈನ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ವೆಬ್‌ನ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್ (NIRCam) ಆಯ್ದು, ಮೂರನೇ ಹಂತದ ‘ಐ2ಡಿ’ (i2d, ಹಲವು ಚಿತ್ರ ಸೇರಿಸಿ ಸಿದ್ಧಪಡಿಸಿದ) ಫಿಟ್ಸ್ (FITS, ಖಗೋಳ ಚಿತ್ರಗಳ ಕಡತ ರೂಪ) ಕಡತಗಳನ್ನೇ ಇಳಿಸಿಕೊಳ್ಳಿ. ಕಡತಗಳು ದೊಡ್ಡವು, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಬೇರೆ ಬೇರೆ ಫಿಲ್ಟರಿನ ಚಿತ್ರಗಳ ಜೋಡಣೆಯಲ್ಲಿ. ಕಿರುತರಂಗ ಶೋಧಕದ ಒಂದು ಪಿಕ್ಸೆಲ್ 0.031 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ), ದೀರ್ಘತರಂಗದ್ದು 0.063. ಹಾಗೇ ಒಂದರ ಮೇಲೊಂದು ಇಟ್ಟರೆ ಕೂರುವುದಿಲ್ಲ. ಕಡತದೊಳಗಿನ ಆಕಾಶ ನಿರ್ದೇಶಾಂಕಗಳನ್ನು ಆಧರಿಸಿ ಎಲ್ಲವನ್ನೂ ಒಂದೇ ಜಾಲಕ್ಕೆ ತನ್ನಿ. ಕಣ್ಣಳತೆಯಲ್ಲಿ ಎಳೆದು ಹೊಂದಿಸಬೇಡಿ.

ಬಣ್ಣಕ್ಕೆ ನಿಯಮ ಸರಳ: ಕಡಿಮೆ ತರಂಗಾಂತರ ನೀಲಿ, ಹೆಚ್ಚಿನದು ಕೆಂಪು. ಫಿಲ್ಟರುಗಳಲ್ಲಿ ಎಫ್187ಎನ್ (F187N) ಅಯಾನೀಕೃತ ಹೈಡ್ರೋಜನ್ನಿನದು, ಎಫ್335ಎಂ ಇಂಗಾಲದ ಉಂಗುರ ಅಣುಗಳ ಹೊಳಪು. ಎಫ್470ಎನ್ ಅನ್ನು ಮಾತ್ರ ಬಿಡಲೇಬೇಡಿ. ಎಳೆಯ ತಾರೆಗಳು ಚಿಮ್ಮಿಸುವ ಧಾರೆಗಳು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿದಾಗ ಬಿಸಿಯಾಗುವ ಹೈಡ್ರೋಜನ್ ಅಣುಗಳು ಅದರಲ್ಲಿ ಎದ್ದು ಕಾಣುತ್ತವೆ. ಈ ಚಿತ್ರದ ಜೀವಾಳವೇ ಅದು.

ಮಸುಕು ಭಾಗ ಕಾಣುವಂತೆ ಹೊಳಪನ್ನು ಹಿಗ್ಗಿಸುವ ಮೊದಲು ಪ್ರತಿ ಫಿಲ್ಟರಿನ ಹಿನ್ನೆಲೆ ಮಟ್ಟ ಸರಿಹೊಂದಿಸಿ, ಆಮೇಲೆ ಲಾಗ್ ಅಥವಾ ಆರ್ಕ್‌ಸೈನ್‌ಎಚ್ (arcsinh) ಸೂತ್ರದಿಂದ ಹಿಗ್ಗಿಸಿ. ಪ್ರಖರ ತಾರೆಯ ನಟ್ಟನಡುವೆ ಕಪ್ಪು ಚುಕ್ಕೆ ಕಂಡರೆ ಗಾಬರಿ ಬೇಡ, ಅಲ್ಲಿ ಬೆಳಕು ಹೆಚ್ಚಾಗಿ ಶೋಧಕ ತುಂಬಿ ಹೋಗಿ ಪಿಕ್ಸೆಲ್ ಬೆಲೆ ಖಾಲಿ ಉಳಿದಿರುತ್ತದೆ. ಸುತ್ತಲಿನ ಗರಿಷ್ಠ ಬೆಲೆಯಿಂದ ತುಂಬಿ. ಅಡ್ಡಡ್ಡ ತೆಳು ಗೆರೆಗಳು ವಿದ್ಯುನ್ಮಾನ ಗದ್ದಲ, ತೆಗೆಯಬಹುದು. ತಾರೆಗಳ ಎಂಟು ಮೊನೆಗಳು ಕನ್ನಡಿ ಮತ್ತು ಆಧಾರಗಳಿಂದ ಬಂದವು, ಇರಲಿ.

ಮೋಡದ ಕತ್ತಲ ಭಾಗಗಳನ್ನು ಬಲವಂತವಾಗಿ ಬೆಳಗಿಸಬೇಡಿ. ಅಲ್ಲಿ ದಟ್ಟ ದೂಳಿದೆ.