ಬೇಸಿಗೆ ಹಾಕಿ ಶಿಬಿರದ ಸಮಯ ಮತ್ತು ಶುಲ್ಕದ ಬದಲಾವಣೆ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಪ್ರೌಢಶಾಲಾ ತಂಡಗಳ ಬೇಸಿಗೆ ಹಾಕಿ ಶಿಬಿರವು ಈ ವರ್ಷದಿಂದ ಸಂಜೆಯ ಬದಲು ಬೆಳಿಗ್ಗೆ ಆರು ಗಂಟೆಗೆ ಆರಂಭವಾಗುತ್ತದೆ. ವಾರದಲ್ಲಿ ನಾಲ್ಕು ದಿನ ನಮ್ಮ ಮಣ್ಣಿನ ಮೈದಾನದಲ್ಲೂ ಎರಡು ದಿನ ಬಾಡಿಗೆಯ ಕೃತಕ ಹಾಸಿನ ಮೈದಾನವಾದ ಟರ್ಫ್‌ನಲ್ಲೂ ಅಭ್ಯಾಸವಿರುತ್ತದೆ. ಶುಲ್ಕವು 1,500 ರೂಪಾಯಿಯಿಂದ 2,400 ರೂಪಾಯಿಗೆ ಏರಿದೆ. ಇದರಿಂದ ಹಲವು ಮನೆಗಳಿಗೆ ಆಗುವ ತೊಂದರೆಗೆ ಕ್ಷಮೆ ಕೋರುತ್ತೇವೆ.

ಸಮಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಕಾಫಿ ತೋಟಕ್ಕೆ ಬೇಕೇ ಬೇಕು, ಶಿಬಿರಕ್ಕಷ್ಟೇ ಬೇಡ.

ಶುಲ್ಕ ಏರಿದ ಸುದ್ದಿ ಹರಡಿದಾಗಿನಿಂದ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ನಾವು ಕೇಳುತ್ತಿರುವುದು ಒಂದೇ ಮಾತು: ಕೊಡಗಿನ ಹಿರಿಯರು ಮಣ್ಣಿನಲ್ಲಿ ಆಡಿಯೇ ದೇಶದ ತಂಡ ಸೇರಲಿಲ್ಲವೇ, ಈಗ ಟರ್ಫಿನ ಹೆಸರಿನಲ್ಲಿ ದುಡ್ಡು ಮಾಡುವುದೇಕೆ? ಸೇರಿದ್ದು ನಿಜ, ಆ ಹೆಮ್ಮೆ ನಮಗೂ ಇದೆ. ಆದರೆ ನಮ್ಮವರೇ ಆದ ಬಿ.ಪಿ. ಗೋವಿಂದ ಅವರಿದ್ದ ಭಾರತ ತಂಡ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದದ್ದು ಹುಲ್ಲಿನ ಮೈದಾನದಲ್ಲಿ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಟ ನಡೆದಾಗ, ಅವರೂ ಇದ್ದ ಭಾರತ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ಅಂಥ ಆಟಗಾರರಿಗೇ ಕಷ್ಟವಾದದ್ದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಭ್ಯಾಸವಿಲ್ಲದೆ ಹೇಗೆ ಬಂದೀತು? ಟರ್ಫ್ ಮೇಲೆ ಚೆಂಡು ಪುಟಿಯದೆ ನೇರವಾಗಿ, ವೇಗವಾಗಿ ಬರುತ್ತದೆ. ಮಣ್ಣಿನಲ್ಲಿ ಅದನ್ನು ಹಿಡಿದು ನಿಲ್ಲಿಸಲು ಕಲಿತ ಕೈ ಅಲ್ಲಿ ತಡವಾಗುತ್ತದೆ. ಶಾಲೆ ತೆರೆದು ಇಲಾಖಾ ಕ್ರೀಡಾಕೂಟಗಳು ಬರುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಕಲಿಸಲು ನಮಗಿರುವುದು ಬೇಸಿಗೆಯೊಂದೇ.

ಇನ್ನು ಹಣ ಎಲ್ಲಿ ಹೋಗುತ್ತದೆ ಎಂಬುದು. ಒಣ ಟರ್ಫ್ ಮೇಲೆ ಬಿದ್ದರೆ ಮೊಣಕಾಲಿನ ಚರ್ಮವೇ ಕಿತ್ತುಬರುವುದರಿಂದ ಪ್ರತಿ ಅಭ್ಯಾಸಕ್ಕೂ ಮೊದಲು ನೀರು ಹಾಯಿಸಬೇಕು, ಬೇಸಿಗೆಯಲ್ಲಿ ಆ ನೀರು ಟ್ಯಾಂಕರಿನಲ್ಲಿ ಬರಬೇಕು, ಅದರ ಬಿಲ್ಲು ಬಾಡಿಗೆಯ ಮೇಲೆ ಬೇರೆಯಾಗಿಯೇ ಬರುತ್ತದೆ. ಮಕ್ಕಳನ್ನು ಕರೆದೊಯ್ಯುವ ವ್ಯಾನಿನ ಬಾಡಿಗೆ ನಮ್ಮ ಕೈಯಲ್ಲಿಲ್ಲ. ಗೋಲ್‌ಕೀಪರ್‌ನ ಹೆಲ್ಮೆಟ್, ಪ್ಯಾಡ್, ಪಾದಕ್ಕೆ ಕಟ್ಟುವ ಕಿಕ್ಕರ್, ಗ್ಲೌಸ್‌ಗಳನ್ನು ಒಂದು ಮನೆಯವರೇ ಕೊಳ್ಳಲಿ ಎನ್ನುವುದು ನ್ಯಾಯವಲ್ಲವಾದ್ದರಿಂದ ಅದನ್ನೂ ಶಿಬಿರವೇ ಭರಿಸುತ್ತಿದೆ. ತರಬೇತುದಾರರ ಗೌರವಧನ ಒಂದು ರೂಪಾಯಿಯೂ ಏರಿಲ್ಲ. ಏರಿಸಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ತಮ್ಮ ಒಕ್ಕದ, ಅಂದರೆ ಮನೆತನದ, ಪಂದ್ಯವಿರುವ ದಿನ ಮಕ್ಕಳು ಅಲ್ಲಿಗೇ ಹೋಗಲಿ, ಎಂದಿನಂತೆ ಅದನ್ನು ಗೈರುಹಾಜರಿ ಎಂದು ಬರೆಯುವುದಿಲ್ಲ.

ಶುಲ್ಕವನ್ನು ಎರಡು ಕಂತುಗಳಲ್ಲಿ ಕೊಡಬಹುದು. ಮೆಣಸು ಮಾರಿದ ಮೇಲೆ ಕೊಡುತ್ತೇವೆ ಎಂದರೂ ಸರಿಯೇ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಹಳೆಯ ದರವೇ ಮುಂದುವರಿಯುತ್ತದೆ, ಸ್ಟಿಕ್ಕನ್ನೂ ನಾವೇ ಕೊಡುತ್ತೇವೆ. ಅದೂ ಕಷ್ಟವೆನಿಸಿದರೆ ಮಗುವಿನ ಕೈಯಲ್ಲಿ ಚೀಟಿ ಕಳಿಸದೆ, ಕಾರ್ಯದರ್ಶಿಯೊಡನೆ ನೀವೇ ಬಂದು ಮಾತಾಡಿ. ಆ ಮಾತು ಮೈದಾನದವರೆಗೆ ಬರುವುದಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಶಿಬಿರದ ವ್ಯವಸ್ಥಾಪಕ ಸಮಿತಿ