ಪುತ್ಥಳಿಗಳಿಗೆ ಬಣ್ಣ ಬಳಿಯುವುದನ್ನು ನಿಲ್ಲಿಸುವಂತೆ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಸೋಲಾಪುರ

ವಿಷಯ: ನಗರದ ಸಾರ್ವಜನಿಕ ಪುತ್ಥಳಿ ಹಾಗೂ ಸ್ಮಾರಕಗಳ ನಿರ್ವಹಣೆಯ ಕುರಿತು.

ಮಾನ್ಯರೇ,

ಜಯಂತಿ, ಪುಣ್ಯತಿಥಿಗಳು ಸಮೀಪಿಸಿದಾಗಲೆಲ್ಲ ನಮ್ಮ ಬಡಾವಣೆಯ ಚೌಕದಲ್ಲಿರುವ ಕಂಚಿನ ಪುತ್ಥಳಿಗೆ ಗುತ್ತಿಗೆದಾರರ ಕಡೆಯವರು ಹಳೆಯ ಪದರದ ಮೇಲೆಯೇ ಬಂಗಾರದ ಬಣ್ಣ ಬಳಿದು ಹೋಗುತ್ತಿರುವುದರಿಂದ ಮುಖದ ಗೆರೆಗಳೂ ಪೀಠದ ಅಕ್ಷರಗಳೂ ಮುಚ್ಚಿಹೋಗಿವೆ ಎಂಬುದನ್ನು ಕೆಳಗೆ ಸಹಿ ಮಾಡಿರುವ ಕನ್ನಡ ಭಾಷಿಕ ನಿವಾಸಿಗಳಾದ ನಾವು ತಮ್ಮ ಗಮನಕ್ಕೆ ತರುತ್ತಿದ್ದೇವೆ. ಕಂಚಿನ ಮೇಲೆ ಸಮನಾಗಿ ಕಟ್ಟುವ ಕಂದು ಪದರವು ಕೊಳೆಯಲ್ಲ, ಬಹುಮಟ್ಟಿಗೆ ಲೋಹಕ್ಕೆ ರಕ್ಷಣೆಯೇ ಆಗಿದೆ. ಬದಲಾಗಿ, ಬಣ್ಣದ ಬಿರುಕುಗಳಲ್ಲಿ ಇಳಿದ ಮಳೆನೀರು ಒಳಗೇ ಉಳಿದು ಲೋಹವನ್ನು ತಿನ್ನುತ್ತದೆ. ತೊಳೆಯಬೇಕಾದದ್ದು ಹಕ್ಕಿಗಳ ಹಿಕ್ಕೆಯನ್ನು, ಏಕೆಂದರೆ ಅದರಲ್ಲಿ ಆಮ್ಲವಿರುತ್ತದೆ. ಅದಕ್ಕೆ ಶುದ್ಧ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್, ಒಣಗಿದ ಬಳಿಕ ತೆಳುವಾದ ಮೇಣದ ಲೇಪ ಸಾಕು.

ಶ್ರೀ ಸಿದ್ಧರಾಮೇಶ್ವರರು ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುವ 68 ಲಿಂಗಗಳ ಪರಿಸರದ ಹಳೆಯ ಕಲ್ಲುಗಳಿಗೂ ಇದೇ ಎಚ್ಚರಿಕೆ ಬೇಕು. ಸಂಕ್ರಾಂತಿಯ ಜಾತ್ರೆಯಲ್ಲಿ ನಡೆಯುವ ಎಣ್ಣೆಮಜ್ಜನವು ಭಕ್ತರ ವಿಧಿ, ಅದರ ಬಗ್ಗೆ ನಮ್ಮದೇನೂ ತಕರಾರಿಲ್ಲ. ಆದರೆ ಕಲ್ಲಿಗೆ ಎನಾಮಲ್ ಬಳಿಯುವುದು, ಸಂದುಗಳಿಗೆ ಸಿಮೆಂಟ್ ಮೆತ್ತುವುದು ಯಾವ ವಿಧಿಯಲ್ಲೂ ಇಲ್ಲ.

ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪುತ್ಥಳಿ ಸ್ಥಾಪನೆಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿರುವಾಗ, ಇರುವವುಗಳನ್ನು ಉಳಿಸಿಕೊಳ್ಳುವುದಕ್ಕೇ ಹಣ ವಿನಿಯೋಗಿಸುವುದು ಸೂಕ್ತ. ಆದ್ದರಿಂದ ಪ್ರತಿ ಪುತ್ಥಳಿಯ ಲೋಹ ಅಥವಾ ಕಲ್ಲು, ಶಿಲ್ಪಿಯ ಹೆಸರು, ಸ್ಥಾಪನೆಯ ವರ್ಷ, ಕೊನೆಯ ಬಾರಿ ಶುಚಿಗೊಳಿಸಿದ ದಿನಾಂಕಗಳನ್ನು ದಾಖಲಿಸುವ ವಹಿಯೊಂದನ್ನು ತೆರೆಯಬೇಕು. ಸಂರಕ್ಷಣಾ ತಜ್ಞರ ಲಿಖಿತ ಸಲಹೆಯಿಲ್ಲದೆ ಬಣ್ಣದ ಟೆಂಡರ್ ಕರೆಯಬಾರದು. ಈಗಿರುವ ಬಣ್ಣವನ್ನು ತೆಗೆಯುವಾಗ ಮರಳು ಚಿಮ್ಮಿಸುವ ಯಂತ್ರ ಬಳಸಬಾರದು.

ಬ್ರಿಟಿಷರು ಈ ಊರಿನ ಮೇಲೆ ಹೇರಿದ 1930ರ ಮಾರ್ಷಲ್ ಲಾ (ಸೇನಾಡಳಿತ) ಬಳಿಕ 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಸ್ವಾತಂತ್ರ್ಯ ಹೋರಾಟಗಾರರಾದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಹಾಗೂ ಕುರ್ಬಾನ್ ಹುಸೇನ್ ಅವರ ಸ್ಮಾರಕದ ಮಾಹಿತಿ ಫಲಕವು ಮರಾಠಿಯ ಜೊತೆಗೆ ಈ ಊರಿನ ಓಣಿಗಳಲ್ಲಿ ಕೇಳಿಬರುವ ಕನ್ನಡ, ತೆಲುಗು, ಉರ್ದುಗಳಲ್ಲೂ ಇರಬೇಕೆಂಬುದು ನಮ್ಮ ಇನ್ನೊಂದು ಕೋರಿಕೆ. ಮುಂದಿನ ಹುತಾತ್ಮ ದಿನಕ್ಕೆ ಮೊದಲೇ ವಹಿಯ ಕೆಲಸ ಆರಂಭಿಸಿ, ಅದರ ಪ್ರತಿಯನ್ನು ವಾರ್ಡ್ ಕಚೇರಿಗಳಲ್ಲಿ ಸಾರ್ವಜನಿಕರಿಗೆ ಲಭ್ಯವಾಗಿಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು